ಸರ್ಟಿಫಿಕೇಟ್ ಗೋಡೆಯಲ್ಲಿ, ಹೊಲಿಗೆ ಮೆಷಿನ್ ಮೂಲೆಯಲ್ಲಿ

ಸ್ವಲ್ಪ ಉದ್ದದ ಬರಹ. ಪುರುಸೊತ್ತು ಇದ್ದಾಗ ಓದಿ.

ನಾನು ಮಂಜೇಶ್ವರ ತಾಲೂಕಿನ ಒಂದು ಬ್ಯಾಂಕ್ ಶಾಖೆಯಲ್ಲಿ ಕ್ಲರ್ಕ್. ಈಗ ಹುದ್ದೆಯ ಹೆಸರು ಕಸ್ಟಮರ್ ಸರ್ವಿಸ್ ಅಸೋಸಿಯೇಟ್ ಅಂತ ಬದಲಾಗಿದೆ, ಕೆಲಸ ಅದೇ. ಕಳೆದ ವರ್ಷ ಓಣಂ ಕಳೆದ ಮೇಲೆ ಒಂದು ದಿನ, ಬಾಕಿಯಾದ ಸಾಲಗಳ ಪಟ್ಟಿ ಹಿಡಿದುಕೊಂಡು ನಮ್ಮ ಆಫೀಸರ್ ಹೊರಟರು. ಆ ಕಡೆಯ ದಾರಿ, ಮನೆ, ಮಾತು ಎಲ್ಲ ನನಗೆ ಗೊತ್ತು ಅಂತ ನನ್ನನ್ನೂ ಕರೆದುಕೊಂಡು ಹೋದರು.

ಪಟ್ಟಿಯಲ್ಲಿ ಮೂರನೆಯದು ಒಬ್ಬ ಅಕ್ಕನ ಮನೆ. ಹೆಸರು, ಊರು ಬೇಡ. ಜಗಲಿ ಹತ್ತಿದ ಕೂಡಲೇ ಕಾಣುವ ಗೋಡೆಯಲ್ಲಿ ಲ್ಯಾಮಿನೇಶನ್ ಮಾಡಿಸಿದ ಸರ್ಟಿಫಿಕೇಟ್. ಟೈಲರಿಂಗ್ ತರಬೇತಿ ಯಶಸ್ವಿಯಾಗಿ ಮುಗಿಸಿದ್ದಾರೆ ಅಂತ. ಒಳಗೆ ಮೂಲೆಯಲ್ಲಿ ಹಳೆ ಸೀರೆ ಹೊದೆಸಿದ ಹೊಲಿಗೆ ಮೆಷಿನ್, ಅದರ ಮೇಲೆ ಅರ್ಧ ಖಾಲಿಯಾದ ಅಕ್ಕಿ ಚೀಲ.

"ಕೂತ್ಕೊಳ್ಳಿ ಸಾರ್, ಚಾಯ ಮಾಡ್ತೇನೆ" ಅಂದರು. ನಮ್ಮ ಮುಖ ನೋಡಲಿಲ್ಲ.

ಆ ಸಾಲದ ಅರ್ಜಿ ತುಂಬಿಸಿದ್ದು ನಾನೇ. ಅವರಿಗೆ ಫಾರ್ಮ್ ಓದಲಿಕ್ಕೆ ಬರಲಿಲ್ಲ, ಇಂಗ್ಲಿಷ್ ಮತ್ತು ಮಲಯಾಳದಲ್ಲಿತ್ತು. ನಾನು ತುಂಬಿಸಿ, "ಇಲ್ಲಿ ಸೈನ್ ಹಾಕಿ ಅಕ್ಕ" ಅಂದಿದ್ದೆ. ಅವರು ಕನ್ನಡದಲ್ಲಿ ಚೆಂದಕ್ಕೆ ಸೈನ್ ಹಾಕಿದ್ದರು. ಮುದ್ರಾ ಯೋಜನೆಯ ಶಿಶು ಸಾಲ, 50,000 ರೂಪಾಯಿ, ಮೂರು ವರ್ಷಕ್ಕೆ. ತಿಂಗಳ ಕಂತು ಸುಮಾರು 1,640. ಅರ್ಜಿಯ ಜೊತೆ ತರಬೇತಿ ಸರ್ಟಿಫಿಕೇಟಿನ ಪ್ರತಿ ಇತ್ತಲ್ಲ, ಅದನ್ನು ನೋಡಿ ನಮಗೆಲ್ಲ ಧೈರ್ಯ. ತರಬೇತಿ ಆಗಿದೆ ಅಂದರೆ ಕೆಲಸ ಬರ್ತದೆ, ಕೆಲಸ ಬಂದರೆ ಹಣ ಬರ್ತದೆ, ಹಣ ಬಂದರೆ ಕಂತು ಬರ್ತದೆ. ಬಿ.ಕಾಂ. ಓದಿದ ತಲೆಗೆ ಲೆಕ್ಕ ಸರಿಯಾಗಿಯೇ ಕಂಡಿತ್ತು.

ಜನವರಿಯಲ್ಲಿ ಸಾಲ. ಮೇ ವರೆಗೆ ಕಂತು ಸರಿಯಾಗಿ ಬಂತು. ಜೂನಿನಲ್ಲಿ ಶಾಲೆ ಶುರು, ಕಂತು ನಿಂತಿತು. ಕಂತು 90 ದಿನ ದಾಟಿದರೆ ಸಾಲ ಎನ್‌ಪಿಎ. ಸೆಪ್ಟೆಂಬರಿಗೆ ಅದೂ ಆಯಿತು. ಅದರ ಮೇಲೆ ಸಿಬಿಲ್ ಹಾಳು, ಇನ್ನು ಯಾವ ಬ್ಯಾಂಕಿಗೆ ಹೋದರೂ ಆ ಕಲೆ ಅವರ ಹಿಂದೆ ಬರ್ತದೆ.

ಹೊಲಿಗೆ ಬರುವುದಿಲ್ಲವಾ ಅಂದರೆ, ಬರ್ತದೆ. ಚೆನ್ನಾಗಿಯೇ ಬರ್ತದೆ. ನಮ್ಮ ಶಾಖೆಯ ಗುಡಿಸುವ ಅಮ್ಮ ಹಾಕುವ ರವಕೆ ಅವರೇ ಹೊಲಿದದ್ದು ಅಂತ ಆಮೇಲೆ ಗೊತ್ತಾಯಿತು. ಹಾಗಾದರೆ ತಪ್ಪಿದ್ದೆಲ್ಲಿ? ಚಾಯ ಕುಡಿಯುತ್ತಾ ನಾನು ಒಂದೊಂದೇ ಕೇಳಿದೆ. ಆಫೀಸರಿಗೆ ಬೇಜಾರಾಗಿ ಅವರು ಅಂಗಳಕ್ಕೆ ಹೋಗಿ ಫೋನಿನಲ್ಲಿ ಮಾತಾಡುತ್ತಿದ್ದರು.

ಒಂದು ರವಕೆಗೆ ಎಷ್ಟು ತಕ್ಕೊಳ್ತೀರಿ? 120. ತಿಂಗಳಿಗೆ ಎಷ್ಟು ಹೊಲಿಯುವುದು? ಒಂದು ಇಪ್ಪತ್ತೈದು. ಅಂದರೆ 3,000. "ಅಷ್ಟು ಲಾಭ ಬರ್ತಿತ್ತು ಸಾರ್, ಆದ್ರೂ ಕೈಯಲ್ಲಿ ನಿಲ್ತಿರ್ಲಿಲ್ಲ" ಅಂದರು.

ಆ 3,000 ಅವರ ಲೆಕ್ಕದಲ್ಲಿ ಪೂರಾ ಲಾಭ. ದಾರ, ಹುಕ್ಕು, ಕ್ಯಾನ್ವಾಸು ಎಲ್ಲ ಸೇರಿ ಒಂದಕ್ಕೆ 15 ರೂಪಾಯಿ ಬೀಳ್ತದೆ. ಓವರ್‌ಲಾಕ್ ಮೆಷಿನ್ ಇಲ್ಲ, ಪೇಟೆಯಲ್ಲಿ ಮಾಡಿಸಲಿಕ್ಕೆ ಒಂದಕ್ಕೆ 10. ಇಪ್ಪತ್ತೈದು ರವಕೆಗೆ ಇವೆರಡೇ 625 ಆಯಿತು. ಕಂತು 1,640. ಉಳಿದದ್ದು 735. ಅಂದರೆ ಒಂದು ರವಕೆಗೆ 30 ರೂಪಾಯಿ ಕೂಡ ಕೈಗೆ ಇಲ್ಲ. ಕರೆಂಟು, ಪೇಟೆಗೆ ಹೋಗಿ ಬರುವ ಬಸ್ ಚಾರ್ಜು ನಾನು ಸೇರಿಸಲೇ ಇಲ್ಲ. ಆದರೆ ಮನೆಯಲ್ಲಿ ಖರ್ಚು ನಡೆದದ್ದು 3,000 ಸಂಪಾದನೆ ಉಂಟು ಅಂತ. ಮಕ್ಕಳ ಪುಸ್ತಕ, ಕೊಡೆ, ಯೂನಿಫಾರಂ ಬಂದ ತಿಂಗಳು ಎಲ್ಲ ಒಟ್ಟಿಗೆ ಕುಸಿಯಿತು.

"ತರಬೇತಿಯಲ್ಲಿ ಈ ಲೆಕ್ಕ ಹೇಳಿಕೊಡಲಿಲ್ಲವಾ ಅಕ್ಕ?"

ಹೇಳಿಕೊಟ್ಟಿದ್ದರಂತೆ. ಕೊನೆಯ ಮೂರು ದಿನ ಪೂರಾ ಅದೇ. ವೆಚ್ಚ, ಬೆಲೆ ನಿಗದಿ, ಮಾರುಕಟ್ಟೆ, ಬ್ಯಾಂಕಿನ ವ್ಯವಹಾರ. ಎಲ್ಲ ಮಲಯಾಳದಲ್ಲಿ. ಹೊಲಿಗೆ ಕಲಿಯಲಿಕ್ಕೆ ಭಾಷೆ ಬೇಕಾಗಲಿಲ್ಲ, ಟೀಚರ್ ಕೈ ನೋಡಿ ಇವರ ಕೈ ಕಲಿಯಿತು. ಪೇಟೆಯ ಮಲಯಾಳ ಅವರಿಗೆ ಬರ್ತದೆ, ಮೀನಿನವರ ಹತ್ತಿರ, ಬಸ್ಸಿನವರ ಹತ್ತಿರ ಮಾತಾಡ್ತಾರೆ. ಆದರೆ ಕ್ಲಾಸಿನ ಮಲಯಾಳ ಬೇರೆ. ಕೊಟ್ಟ ಪುಸ್ತಕ ಓದಲಿಕ್ಕೆ ಲಿಪಿಯೇ ಬರುವುದಿಲ್ಲ, ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮೀಡಿಯಂನಲ್ಲಿ. ಗೊತ್ತಾಗಲಿಲ್ಲ ಅಂತ ಹೇಳಲಿಕ್ಕೆ ನಾಚಿಕೆ. ಬದಿಯಲ್ಲಿ ಕೂತವಳು ತಲೆ ಆಡಿಸಿದಾಗ ಇವರೂ ಆಡಿಸಿದರು.

ಕೊನೆಯ ದಿನ ಅಭಿಪ್ರಾಯದ ಫಾರ್ಮ್ ಕೊಟ್ಟರು. ಅದೂ ಮಲಯಾಳದಲ್ಲಿ. ಬದಿಯವಳು ಟಿಕ್ ಹಾಕಿದ ಕಡೆ ಇವರೂ ಹಾಕಿದರು. ಎಲ್ಲದಕ್ಕೂ "ವಳರೆ ನಲ್ಲದು", ಬಹಳ ಒಳ್ಳೆಯದು. ಆ ತಂಡದ ವರದಿ ಹೇಗೆ ಹೋಗಿರಬಹುದು ಅಂತ ನೀವೇ ಊಹಿಸಿ.

ತರಬೇತಿ ಕೊಟ್ಟವರ ಹೆಸರು ನಾನು ಹೇಳುವುದಿಲ್ಲ. ಅವರು ಕೆಟ್ಟವರೂ ಅಲ್ಲ. ಊಟ, ಚಾಯ ಎಲ್ಲ ಚೆನ್ನಾಗಿತ್ತಂತೆ, ಟೀಚರ್ ತಾಳ್ಮೆಯವರಂತೆ. ಆರು ತಿಂಗಳ ನಂತರ ಒಬ್ಬರು ಫೋನ್ ಕೂಡ ಮಾಡಿದ್ದರು. "ಮೆಷಿನ್ ಉಂಟಾ?" "ಉಂಟು." "ಹೊಲೀತೀರಾ?" "ಹೊಲೀತೇನೆ." ಅಷ್ಟೆ. ಎಲ್ಲೋ ಒಂದು ಕಾಲಮಿನಲ್ಲಿ ಇವರು ಸ್ವಂತ ಕಾಲಿನ ಮೇಲೆ ನಿಂತವರು ಅಂತ ದಾಖಲಾಗಿರುತ್ತಾರೆ.

ಕಾಲೇಜಿನಲ್ಲಿ ನಮಗೆ ಮಾನವ ಸಂಪನ್ಮೂಲ ಅಂತ ಒಂದು ಪೇಪರ್ ಇತ್ತು. ಅದರಲ್ಲಿ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಅನ್ನುವ ಅಮೆರಿಕದವರ ನಾಲ್ಕು ಮೆಟ್ಟಿಲು ಬಾಯಿಪಾಠ ಮಾಡಿ ಬರೆದದ್ದು ನೆನಪುಂಟು. 1959ರಲ್ಲಿ ಅವರು ಬರೆದ ವಿಚಾರ. ತರಬೇತಿಯಿಂದ ಎಂತ ಆಯಿತು ಅಂತ ನೋಡುವಾಗ ಮೊದಲನೆಯದು, ಬಂದವರಿಗೆ ಖುಷಿ ಆಯಿತಾ. ಎರಡನೆಯದು, ಏನಾದರೂ ಕಲಿತರಾ. ಮೂರು, ವಾಪಸ್ ಹೋಗಿ ಕೆಲಸದಲ್ಲಿ ನಡವಳಿಕೆ ಬದಲಾಯಿತಾ. ನಾಲ್ಕು, ಅದರಿಂದ ಫಲಿತಾಂಶ ಬಂತಾ. ಪರೀಕ್ಷೆಗೆ ಬರೆದು ಮರೆತಿದ್ದೆ. ಆ ಜಗಲಿಯಲ್ಲಿ ಕೂತಾಗ ನೆನಪಾಯಿತು. ನಮ್ಮಲ್ಲಿ ಎಲ್ಲರೂ ಮೊದಲನೇ ಮೆಟ್ಟಿಲಿನಲ್ಲಿ ಗ್ರೂಪ್ ಫೋಟೋ ತೆಗೆಸಿ ಇಳಿದು ಬರ್ತಾರೆ.

ಬೇರೆಯವರನ್ನು ಹೇಳುವುದು ಯಾಕೆ, ನನ್ನದೇ ಕಥೆ ಉಂಟು. ಕೆಲಸಕ್ಕೆ ಸೇರಿದ ಮೇಲೆ ಎರಡು ತರಬೇತಿ ನನಗೆ ಸರಿಯಾಗಿ ನೆನಪಿದೆ. ಒಂದು ಗ್ರಾಹಕ ಸೇವೆಯ ಬಗ್ಗೆ ಎರಡು ದಿನದ್ದು. ದೊಡ್ಡ ಹಾಲ್, ಎಸಿ, ಒಳ್ಳೆ ಬಫೆ. ನಗುನಗುತ್ತಾ ಮಾತಾಡಬೇಕು, ಗ್ರಾಹಕರ ಕಣ್ಣು ನೋಡಿ ಮಾತಾಡಬೇಕು ಅಂತ ನಾಟಕ ಎಲ್ಲ ಮಾಡಿಸಿದರು. ಬೋಧಕರಿಗೆ ಐದರಲ್ಲಿ ಐದು ಅಂಕ ಕೊಟ್ಟು ಬಂದೆ. ಸೋಮವಾರ ಶಾಖೆಗೆ ಬಂದರೆ ಪಾಸ್‌ಬುಕ್ ಪ್ರಿಂಟರ್ ಹಾಳು, ಇಬ್ಬರು ರಜೆ, ಪೆನ್ಶನಿನ ಕ್ಯೂ ಬಾಗಿಲಿನಿಂದ ಹೊರಗೆ. ಯಾರ ಕಣ್ಣು ನೋಡುವುದು ಮಾರಾಯ್ರೆ? ಬುಧವಾರಕ್ಕೆ ನಾನು ಹಳೆಯ ನಾನೇ.

ಇನ್ನೊಂದು ಖೋಟಾ ನೋಟು ಗುರುತಿಸುವ ತರಬೇತಿ. ಬರೀ ಒಂದು ದಿನದ್ದು, ಊಟವೂ ಸಾಧಾರಣ. 500ರ ನೋಟನ್ನು ಓರೆ ಮಾಡಿದರೆ ಭದ್ರತಾ ಎಳೆ ಹಸಿರಿನಿಂದ ನೀಲಿಗೆ ತಿರುಗುವುದು, ಬೆಳಕಿಗೆ ಹಿಡಿದರೆ ಎರಡು ಬದಿಯ ತುಂಡು ಗೆರೆಗಳು ಸೇರಿ ಅಂಕಿ ಆಗುವುದು, ಗಾಂಧೀಜಿಯ ಚಿತ್ರದ ಮೇಲೆ ಬೆರಳಾಡಿಸಿದರೆ ಸಿಗುವ ಉಬ್ಬು. ಮರುದಿನ ಬೆಳಿಗ್ಗೆ ಕ್ಯಾಶ್ ಕೌಂಟರಿನಲ್ಲಿ ಕೂತು ನೂರಾರು ನೋಟು ಮುಟ್ಟಿದೆ. ಅದರ ಮರುದಿನವೂ. ಈಗಲೂ ಕಟ್ಟು ಎಣಿಸುವಾಗ ಒಂದು ನೋಟು ಸರಿ ಇಲ್ಲ ಅಂದರೆ ಕಣ್ಣಿಗಿಂತ ಮೊದಲು ಬೆರಳು ನಿಲ್ಲುತ್ತದೆ.

ಎರಡೂ ಕಡೆ ಕೂತದ್ದು ನಾನೇ, ತಲೆ ಒಂದೇ. ಒಂದನ್ನು ಮರುದಿನವೇ ಕೈಯಲ್ಲಿ ಮಾಡಲಿಕ್ಕೆ ಅವಕಾಶ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಜರ್ಮನಿಯ ಎಬ್ಬಿಂಗ್‌ಹೌಸ್ ಎನ್ನುವವರು 1885ರಷ್ಟು ಹಿಂದೆಯೇ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದು ಇದು: ಕಲಿತದ್ದರಲ್ಲಿ ಹೆಚ್ಚಿನ ಪಾಲು ಸೋರಿಹೋಗುವುದು ಮೊದಲ ಕೆಲವು ಗಂಟೆ, ಮೊದಲ ಒಂದು ದಿನದಲ್ಲೇ. ಮತ್ತೆ ಮತ್ತೆ ಮಾಡಿದ್ದು ಮಾತ್ರ ಉಳಿಯುತ್ತದೆ.

ಹಾಗಾದರೆ ನಾಲ್ಕನೇ ಮೆಟ್ಟಿಲಿನವರೆಗೆ ಹೋಗಿ ನೋಡಿದವರು ಯಾರೂ ಇಲ್ಲವಾ? ಇದ್ದಾರೆ, ಅದೂ ನಮ್ಮ ಪಕ್ಕದ ಆಂಧ್ರದಲ್ಲಿ. ಹಾರ್ವರ್ಡಿನ ಮನಃಶಾಸ್ತ್ರಜ್ಞ ಡೇವಿಡ್ ಮೆಕ್ಲೆಲ್ಯಾಂಡ್ 1964ರಲ್ಲಿ ಕಾಕಿನಾಡದ ಸಣ್ಣ ವ್ಯಾಪಾರಿಗಳನ್ನು, ಸಣ್ಣ ಉದ್ಯಮದವರನ್ನು ಹೈದರಾಬಾದಿನ ಸಣ್ಣ ಕೈಗಾರಿಕಾ ತರಬೇತಿ ಸಂಸ್ಥೆಗೆ ಕರೆಸಿದರು. ಸುಮಾರು ಹತ್ತು ದಿನದ ತರಬೇತಿ. ರಿಂಗ್ ಎಸೆಯುವ ಆಟ ಆಡಿಸಿದರು: ತೀರಾ ಹತ್ತಿರ ನಿಂತು ಎಸೆದರೆ ಅದರಲ್ಲಿ ಏನೂ ಇಲ್ಲ, ತೀರಾ ದೂರ ನಿಂತರೆ ಅದೃಷ್ಟದ ಆಟ, ಕಷ್ಟಪಟ್ಟರೆ ಸಾಧ್ಯವಾಗುವ ದೂರ ಯಾವುದು ಅಂತ ಅವರೇ ಕಂಡುಕೊಳ್ಳಬೇಕು. ತಮ್ಮ ವ್ಯಾಪಾರಕ್ಕೆ ತಾವೇ ಗುರಿ ಹಾಕಿಕೊಳ್ಳಬೇಕು. ಹೋಲಿಕೆಗೆ ಅದೇ ಥರದ ಊರು ರಾಜಮಂಡ್ರಿಯನ್ನು ಇಟ್ಟುಕೊಂಡರು, ಅಲ್ಲಿಯವರಿಗೆ ತರಬೇತಿ ಇಲ್ಲ. ಎರಡು ವರ್ಷ ಕಳೆದು ಹೋಗಿ ನೋಡಿದರೆ, ತರಬೇತಿ ಆದವರಲ್ಲಿ ಹೆಚ್ಚು ಮಂದಿ ಹೊಸ ವ್ಯವಹಾರ ಶುರು ಮಾಡಿದ್ದರು, ಹೆಚ್ಚು ಬಂಡವಾಳ ಹಾಕಿದ್ದರು, ಹೆಚ್ಚು ಜನಕ್ಕೆ ಕೆಲಸ ಕೊಟ್ಟಿದ್ದರು. 1969ರಲ್ಲಿ ಡೇವಿಡ್ ವಿಂಟರ್ ಜೊತೆ ಸೇರಿ ಇದನ್ನೆಲ್ಲ ಪುಸ್ತಕ ಮಾಡಿದರು. ಅದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಒಂದು: ಅಂಗಡಿಯಲ್ಲಿ ತಾನೇ ತೀರ್ಮಾನ ತೆಗೆದುಕೊಳ್ಳುವ ಸ್ಥಾನದಲ್ಲಿ ಇದ್ದವರಲ್ಲಿ ಬದಲಾವಣೆ ಎದ್ದು ಕಂಡಿತು. ಇನ್ನೊಬ್ಬರ ಕೈಕೆಳಗೆ ಇದ್ದವರು ಕಲಿತು ಬಂದರೂ ಮಾಡಲಿಕ್ಕೆ ಅವರ ಕೈಯಲ್ಲಿ ಏನೂ ಇರಲಿಲ್ಲ.

ನಮ್ಮ ಅಕ್ಕನ ಮನೆಯಲ್ಲಿ ರವಕೆಗೆ 120 ಅಂತ ದರ ಹಾಕಿದ್ದು ಯಾರು ಗೊತ್ತುಂಟಾ? ಅವರ ಅತ್ತೆ. "ನೆರೆಕರೆಯವರ ಹತ್ತಿರ ಹೆಚ್ಚು ಕೇಳಿದರೆ ಎಂತ ಹೇಳಿಯಾರು" ಅಂತ.

ಈಗ ಉಜಿರೆಯ ವಿಷಯ ಹೇಳಬೇಕು, ಯಾಕೆಂದರೆ ಈ ದೇಶದಲ್ಲಿ ಬ್ಯಾಂಕು ಮತ್ತು ತರಬೇತಿಯನ್ನು ಒಟ್ಟಿಗೆ ಕಟ್ಟಿದ್ದು ಅಲ್ಲಿ. 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಮುಂದಾಳ್ತನದಲ್ಲಿ ಎಸ್‌ಡಿಎಂ ಎಜುಕೇಶನಲ್ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟಿ ಶುರು ಮಾಡಿದವು. ಗ್ರಾಮೀಣ ನಿರುದ್ಯೋಗಿಗಳಿಗೆ ಉಚಿತ ಊಟ, ವಸತಿ, ಕಡಿಮೆ ದಿನದ ತರಬೇತಿ. ಅಷ್ಟೇ ಆಗಿದ್ದರೆ ಅದು ಇನ್ನೊಂದು ಶಿಬಿರ ಆಗುತ್ತಿತ್ತು. ತರಬೇತಿ ಮುಗಿದ ಮೇಲೂ ಕೈ ಬಿಡದೆ ಹಿಂದೆ ಹೋಗುವುದು, ಸಾಲ ಸಿಕ್ಕಿತಾ, ಅಂಗಡಿ ತೆರೆದರಾ, ಎಲ್ಲಿ ಸಿಕ್ಕಿಹಾಕಿಕೊಂಡರು ಅಂತ ವಿಚಾರಿಸುವುದು, ಅದು ಅವರ ವಿಶೇಷ. ಮುಂದೆ ಕೇಂದ್ರ ಸರಕಾರ ಇದೇ ಮಾದರಿ ಹಿಡಿದು ಜಿಲ್ಲೆಗೊಂದು ಆರ್‌ಸೆಟಿ ಅಂತ ಮಾಡಿತು, ಅದಕ್ಕೆ ಆಯಾ ಜಿಲ್ಲೆಯ ಲೀಡ್ ಬ್ಯಾಂಕು ಜವಾಬ್ದಾರಿ. ನಿಯಮದಲ್ಲೂ ಎರಡು ವರ್ಷದ ಅನುಸರಣೆ ಉಂಟು. (ನಮ್ಮ ಅಕ್ಕ ಹೋದದ್ದು ಅಂಥ ಕಡೆಗೆ ಅಲ್ಲ, ಬೇರೆ ಯೋಜನೆಯ ತರಬೇತಿ. ಗೊಂದಲ ಬೇಡ.)

ಆದರೆ ಉಜಿರೆಯಲ್ಲಿ ಒಂದು ವಿಷಯ ಹೇಳದೆಯೇ ಆಗಿತ್ತು. ಕಲಿಸಿದವರ ಮಾತು, ಕಲಿತವರ ಮಾತು ಒಂದೇ. ನಾಳೆ ಗಿರಾಕಿಯ ಹತ್ತಿರ, ಬ್ಯಾಂಕಿನವರ ಹತ್ತಿರ ಆಡುವ ಮಾತೂ ಅದೇ. ಹಾಗಾಗಿ ಅದನ್ನು ಯಾರೂ ಒಂದು ಅಂಶ ಅಂತ ಪ್ರತ್ಯೇಕ ಬರೆದಿಡಲಿಲ್ಲ. ಗಡಿ ದಾಟಿ ಈಚೆ ಬಂದಾಗ ಅದು ಬಿಟ್ಟುಹೋಯಿತು. ಜಿಲ್ಲೆಗೆ ಒಂದು ಸಂಸ್ಥೆ, ರಾಜ್ಯಕ್ಕೆ ಒಂದು ಭಾಷೆ, ಪುಸ್ತಕ ರಾಜಧಾನಿಯಲ್ಲಿ ಅಚ್ಚಾಗಿ ಬರ್ತದೆ. ತಾಳವಾಡಿಯಲ್ಲಿ ತಮಿಳು, ಜತ್ತಿನಲ್ಲಿ ಮರಾಠಿ, ಮಡಕಶಿರಾದಲ್ಲಿ ತೆಲುಗು, ಹೀಗೇ ಇರಬೇಕು.

ಹಾಗಂತ ಮಲಯಾಳ ಕಲಿಯಬಾರದು ಅಂತ ನಾನು ಹೇಳುವುದಿಲ್ಲ. ಕಲಿಯಲೇಬೇಕು. ಕಾಸರಗೋಡಿನ ಪೇಟೆಯಲ್ಲಿ ಬಟ್ಟೆ ತರಲಿಕ್ಕೆ, ಪಂಚಾಯತಿನಲ್ಲಿ ಲೈಸೆನ್ಸ್ ಮಾಡಿಸಲಿಕ್ಕೆ ಬೇಕು. ನನಗೂ ದಿನಾ ಬೇಕು. ಆದರೆ ಒಬ್ಬ ಮನುಷ್ಯ ಒಂದೇ ಸಲ ಹೊಸ ಲೆಕ್ಕವನ್ನೂ ಹೊಸ ಭಾಷೆಯನ್ನೂ ಕಲಿಯಲಿಕ್ಕೆ ಆಗುವುದಿಲ್ಲ. ಮನಸ್ಸಿನಲ್ಲಿ ಕೂಡಿ ಕಳೆಯುವುದು ಒಂದನೇ ಕ್ಲಾಸಿನಲ್ಲಿ ಮಗ್ಗಿ ಹೇಳಿದ ಭಾಷೆಯಲ್ಲಿ. ನಾನು ಇಷ್ಟು ವರ್ಷ ಕಂಪ್ಯೂಟರಿನ ಮುಂದೆ ಕೂತವನು, ಈಗಲೂ ನೋಟು ಎಣಿಸುವುದು ಕನ್ನಡದಲ್ಲಿಯೇ.

ಇಲ್ಲಿ ನಮ್ಮವರಿಗೂ ಒಂದು ಮಾತು, ಬೇಜಾರಾದರೂ ಪರವಾಗಿಲ್ಲ. ತರಬೇತಿ ಕನ್ನಡದಲ್ಲಿ ಕೊಡಿ ಅಂತ ನಾವು ಮನವಿ ಕೊಡ್ತೇವೆ. ಕೊಡುವಾಗ ಫೋಟೋ, ಮರುದಿನ ಪತ್ರಿಕೆಯಲ್ಲಿ ಸುದ್ದಿ. ಎಲ್ಲೋ ಒಂದು ಕಡೆ ಒಪ್ಪಿ ಕನ್ನಡದಲ್ಲಿ ಕೊಟ್ಟರು ಅಂತ ಇಟ್ಟುಕೊಳ್ಳಿ, ಆರು ತಿಂಗಳು ಕಳೆದು ಅದರಿಂದ ಎಂತ ಆಯಿತು ಅಂತ ನಮ್ಮಲ್ಲಿ ಯಾರು ಹೋಗಿ ನೋಡಿದ್ದಾರೆ? ನಾವೂ ಮೊದಲನೇ ಮೆಟ್ಟಿಲಿನವರೇ. ಕನ್ನಡದಲ್ಲಿ ಕೊಟ್ಟ ಕೆಟ್ಟ ತರಬೇತಿಯಿಂದಲೂ ಮೆಷಿನಿನ ಮೇಲೆ ಅಕ್ಕಿ ಚೀಲ ಬರ್ತದೆ.

ನಾನು ಸ್ವಲ್ಪ ಪ್ರಯತ್ನ ಮಾಡಿದೆ, ಅದರ ಲೆಕ್ಕವನ್ನೂ ಮುಚ್ಚಿಡದೆ ಹೇಳುತ್ತೇನೆ. ಒಂದು ಎರಡನೇ ಶನಿವಾರ, ಬ್ಯಾಂಕಿಗೆ ರಜೆ, ನಮ್ಮ ವಾರ್ಡಿನ ಕುಡುಂಬಶ್ರೀ ಅಯಲ್‌ಕೂಟ್ಟದ ಸಭೆಗೆ ಹೋದೆ. ಸಣ್ಣ ಕೆಲಸ ಮಾಡಿ ಸಂಪಾದಿಸುವ ಹನ್ನೊಂದು ಮಂದಿ ಇದ್ದರು: ಹೊಲಿಗೆ, ಹಪ್ಪಳ, ಹಾಳೆ ತಟ್ಟೆ, ಇಬ್ಬರದು ದನ. ಕನ್ನಡ ಮತ್ತು ತುಳುವಿನಲ್ಲಿ ಎರಡು ಗಂಟೆ. ಒಂದೇ ಹಾಳೆ, ಅದರಲ್ಲಿ ಐದು ಗೆರೆ. ಸಾಮಾನಿಗೆ ಎಷ್ಟು, ಬೇರೆಯವರಿಗೆ ಕೊಟ್ಟದ್ದೆಷ್ಟು, ಕರೆಂಟು ಬಸ್ಸು ಎಷ್ಟು, ಕಂತು ಎಷ್ಟು, ನನ್ನ ಕೂಲಿ ಎಷ್ಟು. ಐದನೆಯ ಗೆರೆಗೆ ಬಂದಾಗ ಎಲ್ಲರೂ ನಕ್ಕರು. ಮನೆಯಲ್ಲಿ ಕೂತು ಮಾಡುವ ಕೆಲಸಕ್ಕೆ ಎಂತದ್ದು ಕೂಲಿ? ಹಪ್ಪಳದವರು ಅಲ್ಲೇ ಲೆಕ್ಕ ಹಾಕಿ ನೋಡಿದರು, ನಗು ನಿಂತಿತು.

ಮೂರು ತಿಂಗಳ ನಂತರ ಹೋಗಿ ಕೇಳಿದೆ. ಪುಸ್ತಕ ಬರೆಯುತ್ತಾ ಇದ್ದವರು ನಾಲ್ಕು ಮಂದಿ. ಇಬ್ಬರು ದರ ಏರಿಸಿದ್ದರು. ಉಳಿದವರು ಒಂದು ತಿಂಗಳು ಬರೆದು ಬಿಟ್ಟಿದ್ದರು. ನನಗೆ ನಿರಾಶೆ ಆಯಿತು, ಸುಳ್ಳು ಯಾಕೆ. ಆಮೇಲೆ ಆ ಏಳು ಮಂದಿಯ ಹತ್ತಿರ ಯಾಕೆ ಬಿಟ್ಟಿರಿ ಅಂತ ಕೇಳಿದರೆ, ಗೊತ್ತಾಗಲಿಲ್ಲ ಅಂತ ಒಬ್ಬರೂ ಹೇಳಲಿಲ್ಲ. ಪುರುಸೊತ್ತಿಲ್ಲ, ಹಣ ಗಂಡನ ಕೈಗೆ ಹೋಗುವುದು, ಬರೆದು ಎಂತ ಆಗಬೇಕು. ಭಾಷೆಯ ಗೋಡೆ ದಾಟಿದ ಮೇಲೆ ಎದುರಿಗೆ ಬರುವ ಗೋಡೆ ಇದು. ಕಾಕಿನಾಡದಲ್ಲಿ ಕಂಡದ್ದೇ.

ಹಾಗಾಗಿ ತರಬೇತಿ ಕೊಡುವವರಿಗೆ ನನ್ನ ಬೇಡಿಕೆ ದೊಡ್ಡದಲ್ಲ. ಹೆಸರು ಬರೆಸಿಕೊಳ್ಳುವಾಗಲೇ ಆಧಾರ್ ನಂಬ್ರದ ಜೊತೆ ಓದಲಿಕ್ಕೆ ಬರುವ ಲಿಪಿ ಯಾವುದು ಅಂತ ಒಂದು ಕಾಲಂ ಇಡಿ. ಇಡೀ ತರಬೇತಿ ಕನ್ನಡದಲ್ಲಿ ಆಗಬೇಕಾಗಿಲ್ಲ, ಕೊನೆಯ ಆ ಲೆಕ್ಕದ ದಿನಗಳಿಗೆ ಕನ್ನಡ ಬರುವ ಒಬ್ಬರನ್ನು ಕರೆಸಿ. ಬ್ಯಾಂಕುಗಳಲ್ಲಿ, ಸಹಕಾರಿ ಸಂಘಗಳಲ್ಲಿ, ಶಾಲೆಗಳಲ್ಲಿ ಇದ್ದೇವೆ, ಸಂಬಳ ಕೇಳುವುದಿಲ್ಲ, ಚಾಯ ಸಾಕು. ಸಾಧ್ಯವಾದರೆ ಒಂದು ದಿನ ಮನೆಯವರನ್ನೂ ಕೂರಿಸಿ, ಮುಖ್ಯವಾಗಿ ದರ ಹಾಕುವ ಅತ್ತೆಯನ್ನು. ಆರು ತಿಂಗಳ ನಂತರ ಫೋನ್ ಮಾಡುವಾಗ ಮೆಷಿನ್ ಉಂಟಾ ಅಂತ ಕೇಳಬೇಡಿ. ಹೋದ ತಿಂಗಳು ಎಷ್ಟು ಹೊಲಿದಿರಿ, ಖರ್ಚು ಕಳೆದು ಎಷ್ಟು ಉಳಿಯಿತು ಅಂತ ಕೇಳಿ. ಉತ್ತರ ಬರಲಿಲ್ಲ ಅಂದರೆ ತರಬೇತಿ ಇನ್ನೂ ಮುಗಿದಿಲ್ಲ ಅಂತ ಬರೆದುಕೊಳ್ಳಿ.

ಬ್ಯಾಂಕಿನವರಾದ ನಾವೂ ಕಲಿಯಬೇಕಾದ್ದುಂಟು. ಸರ್ಟಿಫಿಕೇಟಿನ ಪ್ರತಿ ಫೈಲಿಗೆ ಸೇರಿಸಿ ಸಾಲ ಕೊಡುವ ಬದಲು ಎದುರಿಗೆ ಕೂರಿಸಿ "ಒಂದಕ್ಕೆ ಎಷ್ಟು ಉಳಿಯುತ್ತದೆ ಅಕ್ಕ?" ಅಂತ ಒಂದು ಪ್ರಶ್ನೆ. ಎರಡು ನಿಮಿಷದ ಕೆಲಸ. ಜನವರಿಯಲ್ಲಿ ನಾನು ಅದನ್ನು ಕೇಳಿರಲಿಲ್ಲ. ಕ್ಯೂ ಇತ್ತು ಅಂತ ನೆಪ ಹೇಳಬಹುದು, ಕ್ಯೂ ಯಾವತ್ತೂ ಇರ್ತದೆ.

ಆ ಅಕ್ಕನ ಸಾಲ ಈಗ ಎನ್‌ಪಿಎ ಅಲ್ಲ. ಬಾಕಿ ಪೂರಾ ಕಟ್ಟಿದ ಮೇಲೆ ಮಾತ್ರ ಆ ಹೆಸರು ಹೋಗುವುದು, ಅದಕ್ಕಾಗಿ ಅವರು ಕಿವಿಯದ್ದು ಅಡವು ಇಡಬೇಕಾಯಿತು, ಅದು ನನ್ನ ಮನಸ್ಸಿನಿಂದ ಹೋಗಿಲ್ಲ. ರವಕೆಗೆ ಈಗ 160. ಅತ್ತೆಯ ಹತ್ತಿರ ಕೂತು ಹಾಳೆಯಲ್ಲಿ ಲೆಕ್ಕ ತೋರಿಸಿದ್ದು ನಾನಲ್ಲ, ಒಂಬತ್ತನೇ ಕ್ಲಾಸಿನ ಮಗಳು. ಇಬ್ಬರು ಗಿರಾಕಿ ಬಿಟ್ಟುಹೋದರಂತೆ, ಅದರಲ್ಲಿ ಒಬ್ಬರು ವಾಪಸ್ ಬಂದರಂತೆ.

ಕಳೆದ ವಾರ ಕಂತು ಕಟ್ಟಲಿಕ್ಕೆ ಬಂದಾಗ ಮಗಳ ಹಳೆಯ ನೋಟ್‌ಬುಕ್ ತಂದಿದ್ದರು. ಕ್ಯೂ ಇತ್ತು, ಆದರೂ ತೆರೆದು ನೋಡಿದೆ. ದಾರ ಬರೆದಿದ್ದಾರೆ, ಹುಕ್ಕು ಬರೆದಿದ್ದಾರೆ, ಓವರ್‌ಲಾಕ್ ಬರೆದಿದ್ದಾರೆ, ಬಸ್ಸಿಗೆ ಕೊಟ್ಟದ್ದೂ ಉಂಟು. ಕೂಲಿಯ ಗೆರೆ ಖಾಲಿ ಬಿಟ್ಟಿದ್ದಾರೆ.

"ಅದೊಂದು ಬರೀಲಿಕ್ಕೆ ನಾಚಿಕೆ ಆಗ್ತದೆ ಸಾರ್" ಅಂದರು.